ಯೀಸ್ಟ್ ಸಂಶೋಧನೆ: ಹಂಚಿಕೊಂಡ ಕಣಜಕ್ಕೆ ಕಾವಲು ಯಾರು?

ಪ್ರೋಟೀನ್‌ಗಳ ರಚನೆಯನ್ನು ಕಂಪ್ಯೂಟರಿನಲ್ಲೇ ಊಹಿಸಿದ, ವಿನ್ಯಾಸಗೊಳಿಸಿದ ಮೂವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಸಂದಾಗ ಕೃತಕ ಬುದ್ಧಿಮತ್ತೆಯ ಗುಣಗಾನ ಎಲ್ಲೆಡೆ ಕೇಳಿಬಂತು. ಆ ಬುದ್ಧಿಮತ್ತೆ ಅಕ್ಷರ ಕಲಿತದ್ದು ವಿಜ್ಞಾನಿಗಳು ದಶಕಗಳ ಕಾಲ ಮುಕ್ತವಾಗಿ ಹಂಚಿಕೊಂಡ ಮಾಹಿತಿಯಿಂದ ಎಂಬ ಸಂಗತಿ ಮಾತ್ರ ಹಿನ್ನೆಲೆಗೆ ಸರಿಯಿತು. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಇದಕ್ಕೆ ಉತ್ತಮ ನಿದರ್ಶನ.

ಜೀವಕೋಶದಲ್ಲಿ ಪ್ರೋಟೀನ್‌ಗಳು ಒಂಟಿಯಾಗಿ ದುಡಿಯುವುದು ಅಪರೂಪ. ಯಾವುದು ಯಾವುದರ ಜತೆ ಕೂಡುತ್ತದೆಂದು ಅರಿಯಲು ಅಮೆರಿಕದ ಸ್ಟಾನ್ಲಿ ಫೀಲ್ಡ್ಸ್ ಮತ್ತು ಓಕ್-ಕ್ಯು ಸಾಂಗ್ 1989ರಲ್ಲಿ ಸರಳ ಉಪಾಯವೊಂದನ್ನು ಮುಂದಿಟ್ಟರು. ವಂಶವಾಹಿಯೊಂದನ್ನು ಚಾಲೂ ಮಾಡುವ ಪ್ರೋಟೀನನ್ನು ಎರಡು ತುಂಡಾಗಿಸಿ, ಪರೀಕ್ಷಿಸಬೇಕಾದ ಎರಡು ಪ್ರೋಟೀನ್‌ಗಳಿಗೆ ಒಂದೊಂದನ್ನು ಜೋಡಿಸಲಾಗುತ್ತದೆ. ಅವು ಯೀಸ್ಟ್ ಕೋಶದೊಳಗೆ ಪರಸ್ಪರ ಅಂಟಿಕೊಂಡರೆ ತುಂಡುಗಳು ಹತ್ತಿರವಾಗಿ ವಂಶವಾಹಿ ಎಚ್ಚರಗೊಳ್ಳುತ್ತದೆ. ಯೀಸ್ಟ್ ನೀಲಿಬಣ್ಣಕ್ಕೆ ತಿರುಗಿ ಸುಳಿವು ಕೊಡುತ್ತದೆ.

1996ರಲ್ಲಿ ಯೀಸ್ಟಿನ ಸುಮಾರು 6,000 ವಂಶವಾಹಿಗಳ ಪಟ್ಟಿ ಕೈಸೇರಿದ ಮೇಲೆ ಕೆಲಸ ಬಿರುಸಾಯಿತು. 2000ದಲ್ಲಿ ಅಮೆರಿಕದ ತಂಡವೊಂದು 957 ಜೋಡಿಗಳನ್ನು ಪ್ರಕಟಿಸಿದರೆ, ಮರುವರ್ಷ ಜಪಾನಿನ ತಂಡ 4,549 ಜೋಡಿಗಳನ್ನು ಮುಂದಿಟ್ಟಿತು. ಎರಡೂ ಪಟ್ಟಿಗಳಲ್ಲಿದ್ದ ಜೋಡಿಗಳು ಮಾತ್ರ ಅತ್ಯಲ್ಪ! ಒಂದೇ ವಿಧಾನವನ್ನು, ಒಂದೇ ಪ್ರಯೋಗಾಲಯವನ್ನು ನೆಚ್ಚಿಕೊಳ್ಳಲಾಗದೆಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಯೀಸ್ಟ್ ರಿಸೋರ್ಸ್ ಸೆಂಟರ್ ಮಹತ್ವ ಪಡೆದದ್ದು ಇಂಥ ಸಂದರ್ಭದಲ್ಲಿ. ದುಬಾರಿ ಮಾಸ್ ಸ್ಪೆಕ್ಟ್ರೋಮೀಟರ್, ಸೂಕ್ಷ್ಮದರ್ಶಕ, ರಚನೆ ಊಹಿಸುವ ತಂತ್ರಾಂಶ ಇವೆಲ್ಲ ಹೊರಗಿನ ಸಂಶೋಧಕರಿಗೂ ಅಲ್ಲಿ ದೊರೆತವು. ಫೀಲ್ಡ್ಸ್ ಜತೆ, ಮುಂದೆ ನೊಬೆಲ್ ಪಡೆದ ಡೇವಿಡ್ ಬೇಕರ್ ಕೂಡ ಅದರ ಸಹಭಾಗಿಯಾಗಿದ್ದರು. 2021ರಲ್ಲಿ ಬೇಕರ್ ಮತ್ತು ಸಹೋದ್ಯೋಗಿಗಳು 83 ಲಕ್ಷ ಯೀಸ್ಟ್ ಪ್ರೋಟೀನ್ ಜೋಡಿಗಳನ್ನು ಕಂಪ್ಯೂಟರಿನಲ್ಲಿ ಜಾಲಾಡಿ, ಕೂಡುವ ಸಾಧ್ಯತೆಯಿರುವ 1,505 ಜೋಡಿಗಳನ್ನು ಹೆಕ್ಕಿದರು. ಅಂಥ ಊಹೆಯನ್ನು ಒರೆಗೆ ಹಚ್ಚಲು ಪ್ರಯೋಗಾಲಯಗಳ ಹಳೆಯ ಪಟ್ಟಿಗಳೇ ಬೇಕು.

ಆದರೆ ಹೊಸ ಆವಿಷ್ಕಾರಕ್ಕೆ ಸಿಗುವ ಹಣ ಹಳೆಯ ಕಣಜದ ನಿರ್ವಹಣೆಗೆ ಸಿಗುವುದಿಲ್ಲ. ಈ ಕೇಂದ್ರಕ್ಕೆ ನೆರವಾಗಿದ್ದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಭಾಗವನ್ನೇ 2011ರ ಡಿಸೆಂಬರ್‌ನಲ್ಲಿ ರದ್ದುಪಡಿಸಿ, ಅದರ ಯೋಜನೆಗಳನ್ನು ಇತರ ವಿಭಾಗಗಳಿಗೆ ಹಂಚಲಾಯಿತು. 2016ರಲ್ಲಿ ಸ್ಟ್ಯಾನ್‌ಫರ್ಡ್‌ನ ಯೀಸ್ಟ್ ದತ್ತಾಂಶ ಭಂಡಾರವೂ ಸೇರಿದಂತೆ ಹಲವು ಭಂಡಾರಗಳ ಅನುದಾನ ಕಡಿತದ ಪ್ರಸ್ತಾಪ ಬಂದಾಗ ಸಾವಿರಾರು ವಿಜ್ಞಾನಿಗಳು ಸಹಿ ಹಾಕಿ ಪ್ರತಿಭಟಿಸಿದ್ದುಂಟು. ಭಂಡಾರಗಳು ಕೊನೆಗೆ ಒಕ್ಕೂಟ ಕಟ್ಟಿಕೊಂಡವು. ಅದೇ ಒಕ್ಕೂಟದ, ಹಣ್ಣುನೊಣ ಕುರಿತ ಫ್ಲೈಬೇಸ್ 2025ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅನುದಾನಗಳ ರದ್ದತಿಗೆ ಸಿಲುಕಿ, ತನ್ನನ್ನು ಬಳಸುವ ಪ್ರಯೋಗಾಲಯಗಳಿಂದಲೇ ದೇಣಿಗೆ ಕೋರಬೇಕಾಯಿತು.