ಮತದಾನ: ನೆಲೆಸಿದ ಊರಿನ ಋಣ

2024ರ ಏಪ್ರಿಲ್ 26ರಂದು ನಡೆದ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದ ನೂರಕ್ಕೆ 81ಕ್ಕೂ ಹೆಚ್ಚು ಮತದಾರರು ಮತಗಟ್ಟೆಗೆ ಬಂದರು. ಅಮೃತಹಳ್ಳಿಯನ್ನು ಒಳಗೊಂಡ ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ಬಂದವರು ನೂರಕ್ಕೆ ಸುಮಾರು 54 ಮಂದಿ ಮಾತ್ರ. ವಿದ್ಯೆಯೂ ಅನುಕೂಲವೂ ಹೆಚ್ಚಾಗಿರುವ ನಗರವು ಈ ವಿಷಯದಲ್ಲಿ ಹಿಂದುಳಿದದ್ದು ವಿಚಾರಯೋಗ್ಯ.

ಇದನ್ನು ಉದಾಸೀನವೆಂದು ಖಂಡಿಸಿ ಮುಗಿಸುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ. ಅಮೃತಹಳ್ಳಿಯಲ್ಲಿ ಬಾಡಿಗೆ ಮನೆಗಳು ಬಹಳ. ಉದ್ಯೋಗ ಅರಸಿ ಬಂದವರ ಬದುಕು ಇಲ್ಲಿದೆ, ಹೆಸರು ಮಾತ್ರ ಹುಟ್ಟೂರಿನ ಪಟ್ಟಿಯಲ್ಲಿದೆ. ಈ ತಪ್ಪಿಗೆ ನಾವೂ ಹೊರತಲ್ಲ. ವರ್ಗವಾಗಿ ಬಂದ ಬಳಿಕ ಬಹುಕಾಲ ನಮ್ಮ ಹೆಸರೂ ಹಿಂದಿನ ಧರ್ಮಕೇಂದ್ರದ ಊರಿನಲ್ಲೇ ಉಳಿದಿತ್ತು.

ಒಂದು ಊರಿನಲ್ಲಿ ವಾಸಿಸಿದ ಮಾತ್ರಕ್ಕೆ ಯಾರೂ ಪೌರರಾಗುವುದಿಲ್ಲ, ಊರಿನ ವಿಚಾರ ವಿಮರ್ಶೆಗಳಲ್ಲಿ ಪಾಲುಗೊಳ್ಳುವವನೇ ಪೌರನೆಂಬುದು ಅರಿಸ್ಟಾಟಲನ ವಾದ. ಹಾಗಾದರೆ ಇಲ್ಲಿನ ನೀರು ಕುಡಿದು, ಇಲ್ಲಿನ ರಸ್ತೆಯಲ್ಲಿ ನಡೆದು, ಇಲ್ಲಿ ಮತ ಹಾಕದ ನಾವು ಯಾರು? ಕೇವಲ ನಿವಾಸಿಗಳು.

ಪ್ರತಿನಿಧಿಯಿಲ್ಲದ ಊರಿನ ಪಾಡೇನೆಂಬುದನ್ನು ನಾವು ಕಂಡಿದ್ದೇವೆ. 2020ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯ ಅವಧಿ ಮುಗಿದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಚರಂಡಿ ತುಂಬಿದಾಗ, ಕಸ ಕೊಳೆತಾಗ ಕೇಳಲು ಕಾರ್ಪೊರೇಟರ್ ಇರಲಿಲ್ಲ. ಅಧಿಕಾರಸ್ಥರು ಮತದ ಅವಕಾಶ ತಪ್ಪಿಸಿದರೆಂದು ನಾವು ದೂರಿದೆವು. ಅವಕಾಶವಿದ್ದಾಗ ನಾವೇ ಅದನ್ನು ಕೈಬಿಟ್ಟರೆ ದೂರುವುದು ಯಾರನ್ನು?

ಒಂದು ಮತದಿಂದ ಏನಾದೀತು ಎನ್ನುವವರುಂಟು. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದ ಫಲಿತಾಂಶವನ್ನು ನಿರ್ಧರಿಸಿದ್ದು ಒಂದೇ ಮತ. 2023ರಲ್ಲಿ ನಮ್ಮ ನಗರದ ಜಯನಗರದಲ್ಲಿ ಗೆಲುವಿನ ಅಂತರ 16. ಆದರೂ ಇಂಥ ವಿರಳ ಪ್ರಸಂಗಗಳೇ ಮತದಾನಕ್ಕೆ ಆಧಾರವಾಗಬಾರದು. ಅಂತರ ಐವತ್ತು ಸಾವಿರವಿದ್ದರೂ ಕರ್ತವ್ಯ ಕರ್ತವ್ಯವೇ.

ಮಾಡಬೇಕಾದದ್ದು ಕಷ್ಟವಲ್ಲ. ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಅದನ್ನು ಚುನಾವಣೆಗೆ ಬಹು ಮುಂಚೆಯೇ ಪರಿಶೀಲಿಸಬೇಕು. ಹೊಸ ಮತದಾರರಿಗೆ ನಮೂನೆ 6, ಮನೆ ಬದಲಿಸಿದವರಿಗೂ ತಿದ್ದುಪಡಿ ಬೇಕಾದವರಿಗೂ ನಮೂನೆ 8. ಎರಡು ಕಡೆ ಹೆಸರಿರಿಸಿಕೊಳ್ಳುವುದು ಕಾನೂನಿಗೆ ವಿರುದ್ಧ. ಹದಿನೆಂಟು ತುಂಬಿದವರ ಅರ್ಹತೆಗೆ ಈಗ ವರ್ಷದಲ್ಲಿ ನಾಲ್ಕು ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ 1. ಹದಿನೇಳು ತುಂಬಿದವರು ಮುಂಗಡವಾಗಿ ಅರ್ಜಿ ಸಲ್ಲಿಸಬಹುದು. ಸಂದೇಹವಿದ್ದವರಿಗೆ 1950 ದೂರವಾಣಿಯೂ ಮತಗಟ್ಟೆ ಮಟ್ಟದ ಅಧಿಕಾರಿಯೂ ಇದ್ದಾರೆ.

ಯಾರಿಗೆ ಮತ ಹಾಕಬೇಕೆಂದು ಹೇಳುವುದು ಗುರುವಿನ ಕೆಲಸವಲ್ಲ; ಅದು ಪ್ರತಿಯೊಬ್ಬರ ಅಂತಃಸಾಕ್ಷಿಗೆ ಬಿಟ್ಟದ್ದು. ಮತದ ಹಕ್ಕನ್ನು ಸರ್ವರ ಹಿತಕ್ಕಾಗಿ ಬಳಸುವುದು ಕರ್ತವ್ಯವೆಂದು ಮಾತ್ರ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ನೆನಪಿಸಿದೆ. ನಮ್ಮ ಯುವಜನರಲ್ಲಿ ಒಂದು ವಿನಂತಿ. ಭಾನುವಾರದ ಪೂಜೆಯ ಬಳಿಕ ಅರ್ಧ ಗಂಟೆ ಉಳಿದು, ಓದು ಬಾರದವರಿಗೂ ವೃದ್ಧರಿಗೂ ಅರ್ಜಿ ತುಂಬಿಕೊಡಿ. ಪಕ್ಕದ ಮನೆಯವರು ಯಾವ ಧರ್ಮದವರೆಂದು ಕೇಳದೆ ಅವರನ್ನೂ ಕರೆತನ್ನಿ. ಊರು ಎಲ್ಲರದು, ಅದರ ಋಣವೂ ಎಲ್ಲರದು.