ತೊಟ್ಟಿ ತರೋ ಮುಂಚೆ ಫಿಲ್ಟರ್ ನೋಡಿ

ನಮ್ ಕಡೆ ಹೊಸ ಮನೆ ಕಟ್ಟೋರ ಬಾಯಲ್ಲಿ ಈಗ ಹೋಂ ಸ್ಪಾ ಅನ್ನೋ ಮಾತು ಶುರುವಾಗಿದೆ. ದೊಡ್ಡದೊಂದು ತೊಟ್ಟಿ, ಅದರ ತುಂಬಾ ಬಿಸಿನೀರು, ಪಕ್ಕದ ತೂತುಗಳಿಂದ ನೀರು ರಭಸವಾಗಿ ಬಂದು ಸೊಂಟಕ್ಕೆ, ಮಂಡಿಗೆ ಬಡೀತದೆ. ಮೈಸೂರಲ್ಲಿ ನನ್ನ ತಂಗಿ ಮನೇಲಿ ಹಾಕಿಸಿದಾರೆ, ನಾನೂ ಕೂತು ನೋಡಿದೀನಿ. ಹಾಯಾಗಿರ್ತದೆ, ಸುಳ್ಳು ಹೇಳಲ್ಲ. ಆದ್ರೆ ಕೊಳ್ಳೋವಾಗ ತೊಟ್ಟಿ ಬಣ್ಣ, ಒಳಗಿನ ಲೈಟು, ಎಷ್ಟು ಜನ ಕೂರಬಹುದು ಅಂತೆಲ್ಲ ವಿಚಾರಿಸೋ ಗಂಡಸರು ಫಿಲ್ಟರ್ ಬಗ್ಗೆ ಒಂದು ಮಾತೂ ಕೇಳಲ್ಲ. ಮೊದಲು ಕೇಳ್ಬೇಕಾದ್ದೇ ಅದು ಅಂತೀನಿ ನಾನು. ಕೇಳ್ಬೇಕಾದೋರು ನಾವು, ಯಾಕಂದ್ರೆ ಅದನ್ನ ತೊಳೆಯೋದು ನಾವೇ ತಾನೆ.

ನಮ್ಮ ಬಚ್ಚಲಲ್ಲಿ ಹಂಡೆಯಿಂದ ಮೊಗೆದು ಹುಯ್ಕೊಂಡ ನೀರು ಮೋರಿಗೆ ಹೋಯ್ತು ಅಂದ್ರೆ ಹೋಯ್ತು, ತಿರುಗಿ ಮೈಗೆ ಬರಲ್ಲ. ಸ್ಪಾ ಹಂಗಲ್ಲ ಕಣ್ರೀ. ಒಂದ್ಸಲ ತುಂಬಿಸಿದ ನೀರನ್ನೇ ಮೂರು ನಾಲ್ಕು ತಿಂಗಳು ಪಂಪು ಸುತ್ತಿಸ್ತಾ ಇರ್ತದೆ. ಇವತ್ತು ಕೂತೋರ ಬೆವರು, ಕೂದಲು, ಸೋಪಿನ ಜಿಡ್ಡು ನಾಳೆ ಕೂರೋರಿಗೆ ತಾಗದಂಗೆ ತಡೆಯೋದು ಫಿಲ್ಟರು. ಫಿಲ್ಟರ್ ಅಂದ್ರೆ ಏನೋ ದೊಡ್ಡ ಯಂತ್ರ ಅಲ್ಲ, ಸೀರೆ ನೆರಿಗೆ ಥರ ಮಡಿಸಿ ಮಡಿಸಿ ಸುತ್ತಿರೋ ಪಾಲಿಯೆಸ್ಟರ್ ಬಟ್ಟೆ. ನಮ್ಮ ಸಾಲಿಗ್ರಾಮದಲ್ಲಿ ಜೈನರ ಮನೆಗಳವೆ, ಬಸದಿ ಇದೆ. ನೀರನ್ನ ಬಟ್ಟೇಲಿ ಸೋಸದೆ ಕುಡಿಯಬಾರದು ಅನ್ನೋದು ಅವರ ಧರ್ಮದಲ್ಲೇ ಇದೆ. ಆ ಸೋಸೋ ಬಟ್ಟೇನ ಅವರು ಎಷ್ಟು ಜತನದಿಂದ ತೊಳೀತಾರೆ ಅಂತ ನೋಡಿದೋರಿಗೆ ನಾನು ಹೆಚ್ಚು ಹೇಳೋದು ಬೇಡ.

ಆರಿಸೋವಾಗ ನೆರಿಗೆ ಬಿಚ್ಚಿದ್ರೆ ಬಟ್ಟೆ ಎಷ್ಟು ಚದರಡಿ ಆಗ್ತದೆ ಅಂತ ಕೇಳಿ. ಜಾಸ್ತಿ ಇದ್ದಷ್ಟೂ ಬೇಗ ಕಟ್ಟಿಕೊಳ್ಳಲ್ಲ, ಪಂಪಿಗೂ ತ್ರಾಸಿಲ್ಲ. ಆಮೇಲೆ, ಅಂಗಡಿಯಲ್ಲೇ ಮುಚ್ಚಳ ತೆಗೆಸಿ ನಿಮ್ಮ ಕೈಯಾರೆ ಫಿಲ್ಟರ್ ಹೊರಗೆ ತೆಗೆದು ನೋಡಿ. ಕೆಲವು ಮಾಡೆಲ್‌ನಲ್ಲಿ ಮೇಲಿಂದಲೇ ತಿರುಗಿಸಿ ಎತ್ತಬಹುದು. ಇನ್ನು ಕೆಲವಕ್ಕೆ ನೆಲಕ್ಕೆ ಕೂತು, ಪಕ್ಕದ ಹಲಗೆ ಬಿಚ್ಚಿ, ಕೈ ಒಳಗೆ ತೂರಿಸಬೇಕು. ಮಂಡಿ ನೋವಿಗೆ ಅಂತ ತಂದ ತೊಟ್ಟಿಗೆ ಮಂಡಿ ಊರಿ ಸೇವೆ ಮಾಡೋದಾದ್ರೆ ಬೇಡವೇ ಬೇಡ. ಬದಲಿ ಫಿಲ್ಟರ್ ಮೈಸೂರಲ್ಲೇ ಸಿಗ್ತದಾ, ದೂರದಿಂದ ತರಿಸಬೇಕಾ ಅನ್ನೋದನ್ನ ದುಡ್ಡು ಕೊಡೋ ಮುಂಚೆಯೇ ಬಾಯಿ ಬಿಡಿಸಿ. ಉದ್ದ, ಅಗಲ, ತುದಿಯ ತೂತಿನ ಅಳತೆ ಬರೆದಿಟ್ಕೊಳ್ಳಿ. ಒಂದು ಎಳೆ ಹೆಚ್ಚು ಕಮ್ಮಿ ಆದ್ರೂ ಸಂದಿಯಿಂದ ಕೊಳೆ ನೀರು ಸೋಸದೇನೆ ನುಗ್ತದೆ.

ತೊಳೆಯೋದಕ್ಕೆ ಮುಂಚೆ ಕರೆಂಟ್ ಆಫ್ ಮಾಡಿರಬೇಕು, ಇದನ್ನ ಮರೀಬಾರದು. ವಾರಕ್ಕೊಂದ್ಸಲ, ತಪ್ಪಿದ್ರೆ ಹದಿನೈದು ದಿನಕ್ಕೊಂದ್ಸಲ ಪೈಪಿನ ನೀರಲ್ಲಿ ನೆರಿಗೆ ನೆರಿಗೆ ಬಿಡಿಸಿ ತೊಳೀಬೇಕು. ತಂತಿ ಬ್ರಶ್ಶಲ್ಲಿ ಉಜ್ಜಬೇಡಿ, ಕಾರು ತೊಳೆಯೋ ಜೋರು ಪೈಪನ್ನೂ ಹಿಡೀಬೇಡಿ, ಬಟ್ಟೆ ಎಳೆ ಎಳೆಯಾಗಿ ಎದ್ದು ಬರ್ತದೆ. ತಿಂಗಳಿಗೊಮ್ಮೆ ಜಿಡ್ಡು ಬಿಡಿಸೋ ದ್ರಾವಣದಲ್ಲಿ ರಾತ್ರಿಯೆಲ್ಲ ನೆನೆಸಿ ಚೆನ್ನಾಗಿ ಜಾಲಿಸಿ. ಬೋರಿನ ನೀರು ಹಾಕೋ ಮನೆಗಳಲ್ಲಿ ಬಿಳೀ ಉಪ್ಪು ಕಟ್ಟಿರ್ತದಲ್ಲ, ಅದಕ್ಕೆ ತಿಳಿಯಾದ ಆಸಿಡ್ ಬೇಕಾಗ್ತದೆ. ಆದ್ರೆ ಜಿಡ್ಡು ಹೋದಮೇಲೇ ಆಸಿಡ್ಡು. ಜಿಡ್ಡಿರೋವಾಗಲೇ ಹಾಕಿದ್ರೆ ಅದು ಬಟ್ಟೇಲೇ ಹಿಡಿದು ಕೂತುಬಿಡ್ತದೆ. ಹಬ್ಬಕ್ಕೆ ದೀಪದ ಕಂಬ ಬೆಳಗೋವಾಗ ನಾವು ಎಣ್ಣೆ ಜಿಡ್ಡನ್ನ ಸೀಗೆಪುಡೀಲಿ ಬಿಡಿಸಿ ಆಮೇಲೆ ಹುಣಸೇಹಣ್ಣು ಹಾಕಲ್ವೇ, ಅದೇ ಲೆಕ್ಕ. ಇದನ್ನ ಅಂಗಡಿಯೋನು ನನ್ನ ತಂಗಿಗೆ ಹೇಳಿರಲಿಲ್ಲ. ಒಂದು ಜೊತೆ ಫಿಲ್ಟರ್ ಹಂಗೇ ಹಾಳಾಯ್ತು. ಈಗ ಅವಳ ಹತ್ರ ಎರಡು ಜೊತೆ ಇದಾವೆ, ಒಂದು ಕೆಲಸದಲ್ಲಿ, ಒಂದು ಒಣಗೋಕೆ. ತೊಳೆಯೋದು ಭಾನುವಾರ ಅವಳ ಯಜಮಾನ್ರು. ಆ ಒಪ್ಪಂದ ಅವಳು ಆಮೇಲೆ ಮಾಡಿಕೊಂಡಿದ್ದು, ಮೊದಲೇ ಮಾಡ್ಕೊಳ್ಳೋದು ವಾಸಿ. ಎಷ್ಟೇ ಚೆನ್ನಾಗಿ ತೊಳೆದ್ರೂ ಒಂದೆರಡು ವರ್ಷಕ್ಕೆ ಹೊಸದು ಹಾಕಲೇಬೇಕು. ಆ ಖರ್ಚನ್ನೂ ತೊಟ್ಟಿ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಫಿಲ್ಟರ್ ಇದೆ ಅಂತ ಕ್ಲೋರಿನ್ ಬಿಡೋರಿದ್ದಾರೆ. ಫಿಲ್ಟರ್ ಕಸ ಹಿಡೀತದೆ, ಕ್ರಿಮಿ ಕೊಲ್ಲಲ್ಲ. ನೀರು ಬಿಸಿಯಿದ್ದಷ್ಟೂ ಕ್ಲೋರಿನ್ ಬೇಗ ಖಾಲಿಯಾಗ್ತದೆ, ಬೆಚ್ಚನೆ ನೀರಲ್ಲಿ ಕ್ರಿಮಿ ಸಲೀಸಾಗಿ ಬೆಳೀತವೆ. ಮೈಮೇಲೆ ಕೆಂಪು ಗುಳ್ಳೆ ಏಳೋದು, ಕೆಲವರಿಗೆ ಶ್ವಾಸಕೋಶಕ್ಕೇ ತೊಂದ್ರೆಯಾಗೋದು ಇದರಿಂದಲೇ. ನೀರು ಪರೀಕ್ಷೆ ಮಾಡೋ ಪಟ್ಟಿ ಸಿಗ್ತವೆ, ಇಳಿಯೋ ಮುಂಚೆ ಒಂದು ಅದ್ದಿ ನೋಡಿ. ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಬಸುರಿಯರು, ಬಿ.ಪಿ., ಹೃದಯದ ತೊಂದ್ರೆ ಇರೋರು ಡಾಕ್ಟರನ್ನ ಕೇಳದೆ ಇಳಿಯೋದೇ ಬೇಡ.

ಇನ್ನೊಂದು ಮಾತು. ಹಬ್ಬದ ದಿನ ಮೈಗೆಲ್ಲ ಹರಳೆಣ್ಣೆ ಬಳ್ಕೊಂಡು ಸೀದಾ ಸ್ಪಾಗೆ ಇಳಿಯೋ ಆಸೆ ಮಕ್ಕಳಿಗೆ ಬಂದೇ ಬರ್ತದೆ. ಬಿಡಬೇಡಿ, ಫಿಲ್ಟರ್ ಒಂದೇ ದಿನಕ್ಕೆ ಕಟ್ಟಿಕೊಂಡು ನೀರೆಲ್ಲ ನೊರೆನೊರೆ ಆಗ್ತದೆ. ಎಣ್ಣೆ ನೀರು ಬಚ್ಚಲಲ್ಲಿ, ಸೀಗೆಕಾಯಿ ಹಾಕಿ. ಮೈ ಪೂರ್ತಿ ತೊಳ್ಕೊಂಡ ಮೇಲೆ, ಬೇಕಾದ್ರೆ, ತೊಟ್ಟಿ.