ಬಗ್ಗಿ ಬದುಕಿಸಿದ ಮೇಜು

ಸೈಕಲ್ ಚಕ್ರದ ಕಡ್ಡಿಯನ್ನು ಸ್ವಲ್ಪ ಬಗ್ಗಿಸಿ ಬಿಟ್ಟರೆ ಅದು ಮತ್ತೆ ನೆಟ್ಟಗಾಗುತ್ತದೆ. ಇದು ಸ್ಥಿತಿಸ್ಥಾಪಕ ಗುಣ. ಇನ್ನಷ್ಟು ಬಗ್ಗಿಸಿದರೆ ಬಗ್ಗಿದಂತೆಯೇ ಉಳಿಯುತ್ತದೆ; ಆದರೆ ಮುರಿಯುವುದಿಲ್ಲ. ಈ ಎರಡನೆಯ ಗುಣವನ್ನು ಎಂಜಿನಿಯರುಗಳು 'ಪ್ಲಾಸ್ಟಿಕ್' ಎನ್ನುತ್ತಾರೆ. ಬಕೆಟ್, ಕೊಡಗಳ ಪ್ಲಾಸ್ಟಿಕ್ ಅಲ್ಲ ಇದು!

ಭಾರಕ್ಕೆ ಬಗ್ಗಿದ ತೊಲೆಯ ಮೇಲಂಚು ಕುಗ್ಗುತ್ತದೆ, ಕೆಳ ಅಂಚು ಹಿಗ್ಗುತ್ತದೆ. ನಡುವಿನ ಪದರಗಳಿಗೆ ಅಷ್ಟು ಶ್ರಮವಿಲ್ಲ. ಹಾಗಾಗಿ ಮೊದಲು ಸೋಲುವುದು ಅಂಚುಗಳೇ. ತೊಲೆಯ ಶಕ್ತಿ ಅಲ್ಲಿಗೇ ಮುಗಿಯಿತೆಂಬುದು ಹಳೆಯ ಲೆಕ್ಕಾಚಾರ. ಆದರೆ ಸೋತ ಉಕ್ಕು ಹೊತ್ತ ಹೊರೆಯನ್ನು ಇಳಿಸಿಬಿಡುವುದಿಲ್ಲ; ಮುಂದಿನ ಹೆಚ್ಚಿನ ಹೊರೆಗೆ ಒಳಪದರಗಳು ಹೆಗಲು ಕೊಡುತ್ತವೆ. ಎಲ್ಲ ಪದರಗಳೂ ಸೋಲುವ ಹೊತ್ತಿಗೆ, ಆಯತಾಕಾರದ ಉಕ್ಕಿನ ತೊಲೆ ಅಂಚು ಸೋತಾಗ ಇದ್ದುದಕ್ಕಿಂತ ಒಂದೂವರೆ ಪಟ್ಟು ಬಾಗುಬಲವನ್ನು ತಡೆದಿರುತ್ತದೆ. 'ಐ' ಆಕಾರದ ತೊಲೆಯ ಉಕ್ಕು ಬಹುಪಾಲು ಅಂಚಿನಲ್ಲೇ ಇರುವುದರಿಂದ ಅದಕ್ಕೆ ಈ ಲಾಭ ಕಡಿಮೆ: ಸುಮಾರು ಶೇಕಡ 12ರಿಂದ 15.

ಪೂರ್ತಿ ಸೋತ ಜಾಗ ಬಿಗಿಯಾದ ಬಾಗಿಲ ಕೀಲಿನಂತೆ ತಿರುಗತೊಡಗುತ್ತದೆ. ಇದೇ 'ಪ್ಲಾಸ್ಟಿಕ್ ಕೀಲು'. ಎರಡೂ ತುದಿ ಬಿಗಿದ ತೊಲೆ ಕುಸಿಯಬೇಕಾದರೆ ಇಂಥ ಮೂರು ಕೀಲುಗಳು ಬೇಕು: ತುದಿಗಳಲ್ಲಿ ಎರಡು, ನಡುವೆ ಒಂದು. ಹಂಗೇರಿಯ ಗಾಬೋರ್ ಕಾಜಿಂಜಿ 1914ರಲ್ಲಿಯೇ ಇದನ್ನು ಪ್ರಯೋಗದಿಂದ ತೋರಿಸಿದ್ದರು.

ಎರಡನೇ ಮಹಾಯುದ್ಧದಲ್ಲಿ ಇದು ಜೀವದ ಪ್ರಶ್ನೆಯಾಯಿತು. ಬ್ರಿಟನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದವು. ಮನೆಯ ಮಹಡಿ ಕುಸಿದರೆ ಕೆಳಗೆ ಮಲಗಿದವರ ಗತಿಯೇನು? ಏನೇ ಬಿದ್ದರೂ ಬಗ್ಗದ ಗೂಡು ಕಟ್ಟಲು ಅಪಾರ ಉಕ್ಕು ಬೇಕು. ಪ್ರೊಫೆಸರ್ ಜಾನ್ ಬೇಕರ್ ಬೇರೆ ದಾರಿ ಹಿಡಿದರು: ಗೂಡು ಬಗ್ಗಲಿ, ಬಗ್ಗುತ್ತ ಬಗ್ಗುತ್ತ ಬೀಳುವ ಮಹಡಿಯ ಶಕ್ತಿಯನ್ನು ನುಂಗಲಿ, ಒಳಗಿನವರಿಗೆ ಜಾಗ ಉಳಿದರೆ ಸಾಕು. 1941ರಲ್ಲಿ ಬಂದ 'ಮಾರಿಸನ್ ಶೆಲ್ಟರ್' ಅಂಥ ಉಕ್ಕಿನ ಮೇಜು. ಆರೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡೂವರೆ ಅಡಿ ಎತ್ತರ. ಹಗಲು ಅದರ ಮೇಲೆ ಊಟ, ರಾತ್ರಿ ಅದರೊಳಗೆ ನಿದ್ದೆ. ಕಡಿಮೆ ಆದಾಯದವರಿಗೆ ಉಚಿತವಾಗಿ ಹಂಚಲಾಯಿತು. ಬಾಂಬು ನೇರವಾಗಿ ಬಿದ್ದರೆ ಅದು ತಡೆಯುತ್ತಿರಲಿಲ್ಲ. ಆದರೂ ಕುಸಿದ ಮನೆಗಳಡಿಯಿಂದ ಎಷ್ಟೋ ಜನ ಜೀವಸಹಿತ ಹೊರಬಂದರು.

ಆ ಮೇಜು ಎರಕದ ಕಬ್ಬಿಣದ್ದಾಗಿದ್ದರೆ? ಅದು ಬಗ್ಗದೆ ಚೂರಾಗುತ್ತಿತ್ತು. ಗಟ್ಟಿತನವೊಂದೇ ಸಾಲದು, ಸೋಲುವ ರೀತಿಯೂ ಮುಖ್ಯ. ಭೂಕಂಪ ತಡೆಯುವ ಕಟ್ಟಡಗಳಲ್ಲಿ ಇಂದಿಗೂ ಕಂಬಕ್ಕಿಂತ ಮೊದಲು ತೊಲೆ ಬಗ್ಗುವಂತೆ ಲೆಕ್ಕ ಹಾಕುವುದು ಇದೇ ಕಾರಣಕ್ಕೆ.